ಸೀಸೆಯ ತಳದ ಹರಳು

ಮನೆಗೆ ತಂದ ಜೇನುತುಪ್ಪದ ಸೀಸೆಯ ತಳದಲ್ಲಿ ಕೆಲವು ವಾರಗಳ ಮೇಲೆ ಒಂದು ಬಿಳಿಚು ಪದರ ಕಾಣಿಸಿಕೊಳ್ಳುತ್ತದೆ. ಮೊದಲು ಸಣ್ಣ ರವೆಯಂಥ ನಾಲ್ಕಾರು ಕಾಳು, ಆಮೇಲೆ ಬೆರಳಗಲದ ಗಟ್ಟಿ ಭಾಗ. ಚಳಿ ಬಿತ್ತೆಂದರೆ ಅರ್ಧ ಸೀಸೆ ಹೆರೆತ ತುಪ್ಪದಂತೆ ಗಟ್ಟಿಯಾಗಿ ಕೂತಿರುತ್ತದೆ. ನಮ್ಮ ಹೆಚ್ಚಿನ ಮನೆಗಳಲ್ಲಿ ತೀರ್ಪು ಬರುವುದು ಆ ಹೊತ್ತಿಗೆ: ಸಕ್ಕರೆ ಪಾಕ ಬೆರೆಸಿ ಕೊಟ್ಟಿದ್ದಾರೆ. ಕೊಟ್ಟವನು ಪರಿಚಯದ ಜೇನು ಕೃಷಿಕನಾಗಿದ್ದರೆ ಸಂಬಂಧವೇ ಕೆಡುತ್ತದೆ. ಮುಂದಿನ ಸಲ ಅದೇ ಮನೆಯವರು ವರ್ಷವಿಡೀ ಕನ್ನಡಿಯಂತೆ ತಿಳಿಯಾಗಿರುವ, ಹೊಂಬಣ್ಣದ, ಎಲ್ಲಿ ಕೊಂಡರೂ ಒಂದೇ ರುಚಿಯ ಬಾಟಲಿಯನ್ನು ಆರಿಸುತ್ತಾರೆ. ಇದು ಅಡುಗೆಮನೆಯ ಸಣ್ಣ ನಿರ್ಧಾರ. ಆದರೆ ಯಾವ ಜೇನುಹುಳವನ್ನು ಸಾಕಬೇಕು, ಅದರ ಗೂಡಿನಿಂದ ತುಪ್ಪವನ್ನು ಯಾವಾಗ ತೆಗೆಯಬೇಕು, ಎಷ್ಟು ಬಿಡಬೇಕು ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಇಂಥ ಲಕ್ಷಾಂತರ ನಿರ್ಧಾರಗಳೇ. ಜೇನುಸಾಕಣೆ ಬಾಳಿಕೆ ಬರಬೇಕಾದರೆ ಮೊದಲು ತಿದ್ದಿಕೊಳ್ಳಬೇಕಾದದ್ದು ನಾವು ಶುದ್ಧತೆಯನ್ನು ಗುರುತಿಸುವ ಬಗೆಯನ್ನು ಎಂಬುದು ಈ ಅಧ್ಯಾಯದ ವಾದ.

ಹರಳಿನಿಂದಲೇ ಶುರುಮಾಡೋಣ. ಜೇನುತುಪ್ಪದಲ್ಲಿ ಸುಮಾರು ಐದನೇ ನಾಲ್ಕು ಪಾಲು ಸಕ್ಕರೆಯೇ ಇರುತ್ತದೆ. ಆದರೆ ಅದು ನಾವು ಕಾಫಿಗೆ ಹಾಕುವ ಸಕ್ಕರೆಯಲ್ಲ. ಹೂವಿನ ಮಕರಂದದಲ್ಲಿದ್ದ ಸುಕ್ರೋಸನ್ನು ಜೇನುಹುಳದ ಕಿಣ್ವ ಎರಡಾಗಿ ಒಡೆದಿರುತ್ತದೆ: ಒಂದು ಫ್ರಕ್ಟೋಸ್, ಇನ್ನೊಂದು ಗ್ಲುಕೋಸ್. ಫ್ರಕ್ಟೋಸ್ ನೀರಿನಲ್ಲಿ ಸುಲಭವಾಗಿ ಕರಗಿ ಹಾಗೆಯೇ ಇರುತ್ತದೆ, ಗ್ಲುಕೋಸ್ ಅಷ್ಟು ಕರಗುವುದಿಲ್ಲ. ಜೇನುತುಪ್ಪದಲ್ಲಿರುವ ನೀರು ನೂರಕ್ಕೆ ಇಪ್ಪತ್ತರ ಆಸುಪಾಸು. ಅಷ್ಟು ಕಡಿಮೆ ನೀರು ಹಿಡಿದಿಟ್ಟುಕೊಳ್ಳಬಲ್ಲದ್ದಕ್ಕಿಂತ ಹೆಚ್ಚು ಗ್ಲುಕೋಸ್ ಅದರೊಳಗೆ ಇಕ್ಕಟ್ಟಿನಲ್ಲಿರುತ್ತದೆ. ಒಂದು ಪರಾಗದ ಕಣ, ಮೇಣದ ಚೂರು ಅಥವಾ ಗಾಳಿಯ ಗುಳ್ಳೆ ಸಿಕ್ಕರೆ ಸಾಕು, ಅದಕ್ಕೆ ಅಂಟಿಕೊಂಡು ಗ್ಲುಕೋಸ್ ಹರಳಾಗತೊಡಗುತ್ತದೆ. ಸುಮಾರು 14 ಡಿಗ್ರಿ ಸೆಲ್ಸಿಯಸ್‌ನ ತಂಪಿನಲ್ಲಿ ಈ ಕೆಲಸ ಅತಿ ಬೇಗ ನಡೆಯುತ್ತದೆ. ಗ್ಲುಕೋಸ್ ಪ್ರಮಾಣ ಹೆಚ್ಚಿರುವ ಹೂವಿನ ತುಪ್ಪ ಬೇಗ ಗಟ್ಟಿಯಾಗುತ್ತದೆ. ಉತ್ತರ ಭಾರತದ ಸಾಸಿವೆ ಹೊಲಗಳ ತುಪ್ಪ ಕೆಲವೇ ವಾರಗಳಲ್ಲಿ ಬೆಣ್ಣೆಯಂತಾಗುತ್ತದೆ. ಕೇರಳದಲ್ಲೂ ನಮ್ಮ ದಕ್ಷಿಣ ಕನ್ನಡದಲ್ಲೂ ರಬ್ಬರ್ ಮರ ಹೊಸದಾಗಿ ಚಿಗುರುವಾಗ ಎಲೆಯ ತೊಟ್ಟಿನ ತುದಿಯಲ್ಲಿ ಒಸರುವ ಸಿಹಿಯನ್ನು ಜೇನು ಹೀರಿ ತಂದು ಮಾಡುವ ತುಪ್ಪದ ಕಥೆಯೂ ಅದೇ. ಯುರೋಪಿನ ರೋಬಿನಿಯಾ ಮರದ ತುಪ್ಪದಲ್ಲಿ ಫ್ರಕ್ಟೋಸ್ ಹೆಚ್ಚು, ಹಾಗಾಗಿ ಅದು ವರ್ಷ ಕಳೆದರೂ ಹರಿಯುತ್ತಿರುತ್ತದೆ. ಅಂದರೆ ಹರಳು ಕಲಬೆರಕೆಯ ಗುರುತೂ ಅಲ್ಲ, ಶುದ್ಧತೆಯ ಪ್ರಮಾಣಪತ್ರವೂ ಅಲ್ಲ. ಜೇನು ಯಾವ ಹೂವಿಗೆ ಹೋಗಿತ್ತು, ಸೀಸೆಯನ್ನು ಎಷ್ಟು ತಂಪಿನಲ್ಲಿ ಇಡಲಾಗಿತ್ತು ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ.

ಈ ಅನುಮಾನಕ್ಕೆ ಬುಡವೇ ಇಲ್ಲ ಎಂದೇನೂ ಅಲ್ಲ. ಬೆಲ್ಲದ ಪಾಕವನ್ನೋ ಸಕ್ಕರೆ ಪಾಕವನ್ನೋ ಕಾಯಿಸಿ ಜೇನುತುಪ್ಪವೆಂದು ಮಾರುತ್ತಿದ್ದ ಕಾಲದಲ್ಲಿ ತಳದಲ್ಲಿ ಕೂರುವ ಸಕ್ಕರೆ ನಿಜವಾಗಿಯೂ ಮೋಸವನ್ನು ಬಯಲು ಮಾಡುತ್ತಿತ್ತು. ಮೋಸ ಮಾಡುವವರು ಎಂದೋ ಬೇರೆ ದಾರಿ ಹಿಡಿದರು, ನಮ್ಮ ಪರೀಕ್ಷೆ ಮಾತ್ರ ಅಲ್ಲೇ ಉಳಿಯಿತು. ಹರಳುಗಟ್ಟದ ತುಪ್ಪವೇ ಬೇಕೆಂದು ಗ್ರಾಹಕ ಪಟ್ಟು ಹಿಡಿದರೆ ಅದನ್ನು ಒದಗಿಸುವುದು ಕಾರ್ಖಾನೆಗೆ ಕಷ್ಟವಲ್ಲ. ತುಪ್ಪವನ್ನು 60 ಡಿಗ್ರಿಗೂ ಮೇಲೆ ಬಿಸಿಮಾಡಿ ಆಗಲೇ ಹುಟ್ಟಿದ್ದ ಸಣ್ಣ ಹರಳುಗಳನ್ನು ಕರಗಿಸುತ್ತಾರೆ, ಒತ್ತಡ ಹಾಕಿ ನವಿರಾದ ಜಾಲರಿಯಲ್ಲಿ ಸೋಸಿ ಹರಳಿಗೆ ಆಸರೆಯಾಗುವ ಕಣಗಳನ್ನು ತೆಗೆಯುತ್ತಾರೆ, ಬೇರೆ ಬೇರೆ ಊರಿನ ತುಪ್ಪವನ್ನು ಬೆರೆಸಿ ಬಣ್ಣ ಒಂದೇ ಸಮ ಮಾಡುತ್ತಾರೆ. ಮಿತಿಯೊಳಗೆ ಮಾಡಿದರೆ ಕಾನೂನಿನ ಕಣ್ಣಿನಲ್ಲಿ ಇದು ತಪ್ಪಲ್ಲ. ಆದರೆ ಬಿಸಿ ಹೆಚ್ಚಾದಷ್ಟೂ, ಹೊತ್ತು ಹೆಚ್ಚಾದಷ್ಟೂ ಜೇನುತುಪ್ಪದ ಕಿಣ್ವಗಳು ಕುಗ್ಗುತ್ತವೆ, ಪರಿಮಳ ಹಾರಿಹೋಗುತ್ತದೆ, ಸಕ್ಕರೆ ಒಡೆದು ಎಚ್‌ಎಂಎಫ್ ಎಂಬ ರಾಸಾಯನಿಕ ಏರುತ್ತದೆ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ ಇದಕ್ಕೆ ಕಿಲೋಗೆ 40 ಮಿಲಿಗ್ರಾಂ ಎಂಬ ಮಿತಿ ಇಟ್ಟು, ಬಿಸಿಲ ನಾಡುಗಳ ತುಪ್ಪಕ್ಕೆ 80ರವರೆಗೆ ಸಡಿಲಿಕೆ ಕೊಟ್ಟಿರುವುದು ಬಿಸಿಯ ಅಳತೆಗೋಲಾಗಿ. ಜೇನುತುಪ್ಪವನ್ನು ಕಾಯಿಸಬಾರದೆಂದು ಚರಕ ಸಂಹಿತೆ ಹೇಳಿದೆ, ಆ ಮಾತನ್ನು ನಮ್ಮ ಮನೆಗಳು ಇವತ್ತಿಗೂ ಮರೆತಿಲ್ಲ. ಹಾಗೆ ಎಚ್ಚರ ವಹಿಸುವ ಮನೆಯೇ ತಿಳಿಯಾದ ಬಾಟಲಿಯನ್ನು ಹುಡುಕಿ ಕೊಳ್ಳುವಾಗ, ಮನೆಗೆ ಬರುವ ಮುಂಚೆಯೇ ಕಾದ ತುಪ್ಪವನ್ನು ಕೇಳಿ ಪಡೆಯುತ್ತಿರುತ್ತದೆ. ಇನ್ನೊಂದು ನಷ್ಟ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪರಾಗದ ಕಣವೆಂದರೆ ಜೇನುತುಪ್ಪದ ವಿಳಾಸ. ಸೂಕ್ಷ್ಮದರ್ಶಕದಡಿ ಅದನ್ನು ನೋಡಿ ಇದು ನೇರಳೆ, ಇದು ಮತ್ತಿ, ಇದು ಕಾಫಿ ಎಂದು ಹೇಳಬಲ್ಲ ಪರಿಣತರಿದ್ದಾರೆ. ಪೂರ್ತಿ ಸೋಸಿದ ತುಪ್ಪಕ್ಕೆ ಊರೇ ಇರುವುದಿಲ್ಲ.

ಉಳಿದ ಮನೆ ಪರೀಕ್ಷೆಗಳನ್ನೂ ಒಮ್ಮೆ ನೋಡಬೇಕು, ಏಕೆಂದರೆ ಇವು ಯಾರನ್ನು ಸೋಲಿಸುತ್ತವೆ ಎಂಬುದರಲ್ಲಿ ವಿಷಯವಿದೆ. ಲೋಟದ ನೀರಿಗೆ ಒಂದು ಹನಿ ಬಿಡುವುದು, ನೇರ ತಳ ಮುಟ್ಟಿದರೆ ಅಸಲಿ, ಕದಡಿದರೆ ನಕಲಿ. ಹತ್ತಿಯ ಬತ್ತಿಯನ್ನು ಅದ್ದಿ ಹಚ್ಚುವುದು, ಚಟಪಟ ಅಂದರೆ ನಕಲಿ. ಕಾಗದದ ಮೇಲೆ ಹಾಕಿ ಒದ್ದೆಯಾಗುತ್ತದೋ ನೋಡುವುದು. ಇರುವೆ ಮುತ್ತುತ್ತದೋ ಎಂದು ಕಾಯುವುದು. ಇರುವೆ ಮುತ್ತುವುದೂ ಬಿಡುವುದೂ ಯಾವ ತುಪ್ಪದ ಬಗ್ಗೆಯೂ ಏನನ್ನೂ ಸಾಬೀತು ಮಾಡುವುದಿಲ್ಲ, ಅದನ್ನು ಬದಿಗಿಡೋಣ. ಉಳಿದ ಮೂರೂ ಅಳೆಯುವುದು ಒಂದನ್ನೇ, ತುಪ್ಪದಲ್ಲಿರುವ ನೀರಿನ ಅಂಶವನ್ನು. ಕಾರ್ಖಾನೆಯಲ್ಲಿ ಗಟ್ಟಿಮಾಡಿದ ಸಿರಪ್ ಈ ಮೂರರಲ್ಲೂ ಸಲೀಸಾಗಿ ಗೆಲ್ಲುತ್ತದೆ. ಸೋಲುವುದು ಮಲೆನಾಡಿನ ತುಡುವೆ ಜೇನಿನ ತುಪ್ಪ. ಹೂವಿನಿಂದ ತಂದ ಮಕರಂದದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರಬಹುದು. ಕೆಲಸಗಾರ ಹುಳಗಳು ಅದನ್ನು ನಾಲಗೆಯ ಮೇಲೆ ಮತ್ತೆ ಮತ್ತೆ ಹರಡಿ, ರೆಕ್ಕೆ ಬೀಸಿ ಬೀಸಿ ಆರಿಸುತ್ತವೆ. ಹದಕ್ಕೆ ಬಂತೆನಿಸಿದಾಗ ಕಣದ ಬಾಯಿಗೆ ಮೇಣದ ಮುಚ್ಚಳ ಹಾಕುತ್ತವೆ. ತೇವ ತುಂಬಿದ ನಮ್ಮ ಘಟ್ಟದ ಗಾಳಿಯಲ್ಲಿ ಎಷ್ಟು ಬೀಸಿದರೂ ತುಡುವೆಯ ತುಪ್ಪ 20ರಿಂದ 25 ಶೇಕಡಾ ನೀರಿನಲ್ಲಿ ನಿಲ್ಲುವುದು ಸಾಮಾನ್ಯ. ಕೋಡೆಕ್ಸ್ ಮಿತಿ ಶೇಕಡಾ 20. ಅದು ಯುರೋಪಿನ ಹೀದರ್ ಹೂವಿನ ತುಪ್ಪಕ್ಕೆ 23ರವರೆಗೆ ವಿನಾಯಿತಿ ಕೊಟ್ಟಿದೆ, ತುಡುವೆಗೆ ಕೊಟ್ಟಿಲ್ಲ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವೂ 2018ರ ನಿಯಮಗಳಲ್ಲಿ 20ನ್ನೇ ಹಿಡಿಯಿತು. ತೇವ ಹೆಚ್ಚಿದ್ದರೆ ತುಪ್ಪ ಹುಳಿಯುತ್ತದೆ ಎಂಬುದು ನಿಜ, ಮಿತಿ ಬೇಡವೆಂದು ಯಾರೂ ಹೇಳಲಾರರು. ಆದರೆ ಒಂದು ಹೂವಿನ ಸ್ವಭಾವಕ್ಕೆ ವಿನಾಯಿತಿ ಸಾಧ್ಯವಾದರೆ ಒಂದು ಹುಳದ ಸ್ವಭಾವಕ್ಕೆ ಏಕೆ ಸಾಧ್ಯವಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ.

ಹಾಗಾದರೆ ಮನೆಯ ಪರೀಕ್ಷೆ ಬಿಟ್ಟು ಪ್ರಯೋಗಾಲಯವನ್ನು ನಂಬೋಣ ಎನ್ನಬಹುದು. ಇದು ಗಟ್ಟಿ ಆಕ್ಷೇಪ, ಇದಕ್ಕೆ ವಿವರವಾಗಿಯೇ ಉತ್ತರಿಸಬೇಕು. ಗಿಡಗಳು ಗಾಳಿಯ ಇಂಗಾಲವನ್ನು ಹಿಡಿಯುವ ಮುಖ್ಯ ವಿಧಾನಗಳು ಎರಡು. ಕಬ್ಬು, ಮೆಕ್ಕೆಜೋಳಗಳದ್ದು ಸಿ4 ಎಂಬ ವಿಧಾನ, ಜೇನು ಹೋಗುವ ಹೂಗಿಡಗಳಲ್ಲಿ ಹೆಚ್ಚಿನವುಗಳದ್ದು ಸಿ3. ಸಿ4 ಗಿಡಗಳ ಸಕ್ಕರೆಯಲ್ಲಿ ಭಾರದ ಇಂಗಾಲ-13 ತುಸು ಹೆಚ್ಚಿರುತ್ತದೆ. ಆ ಕೂದಲೆಳೆಯ ವ್ಯತ್ಯಾಸವನ್ನು ಅಳೆದು ಕಬ್ಬಿನ ಸಕ್ಕರೆ ಅಥವಾ ಜೋಳದ ಸಿರಪ್ ಬೆರೆತಿದ್ದರೆ ಹಿಡಿಯಬಹುದು. ಸೊಗಸಾದ ವಿಜ್ಞಾನ. ಆದರೆ ಅಕ್ಕಿಯೂ ಬೀಟ್‌ರೂಟ್ ಜಾತಿಯ ಸಕ್ಕರೆ ಗೆಡ್ಡೆಯೂ ಸಿ3 ಗುಂಪಿನವೇ. ಅವುಗಳ ಸಿರಪ್ ಬೆರೆಸಿದರೆ ಈ ಜಾಲ ಹಿಡಿಯುವುದಿಲ್ಲ. ಅದಕ್ಕೆಂದು ಬೇರೆ ಪರೀಕ್ಷೆಗಳು ಬಂದವು, ಅವನ್ನೂ ದಾಟುವಂಥ ಸಿರಪ್‌ಗಳು ಬಂದವು. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಒಂದು ತನಿಖೆಯನ್ನು ಹೊರತಂದಿತು. ಅದು ಪರೀಕ್ಷಿಸಿದ್ದು 13 ಬ್ರಾಂಡುಗಳ 22 ಮಾದರಿಗಳನ್ನು. ಅವುಗಳಲ್ಲಿ ಶೇಕಡಾ 77ರಲ್ಲಿ ಸಿರಪ್ ಬೆರೆತಿದೆ, ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದ ಬ್ರಾಂಡುಗಳು ಮೂರೇ ಎಂದು ಅದು ಹೇಳಿತು. ಶುದ್ಧ ತುಪ್ಪಕ್ಕೆ ತಾವೇ ಅರ್ಧಕ್ಕರ್ಧ ಸಿರಪ್ ಬೆರೆಸಿ ಕಳಿಸಿದ ಮಾದರಿಯೂ ದೇಶದೊಳಗಿನ ಕಡ್ಡಾಯ ಪರೀಕ್ಷೆಗಳನ್ನು ದಾಟಿತೆಂದೂ ತಿಳಿಸಿತು. ಹೆಚ್ಚಿನವು ಸೋತದ್ದು ಜರ್ಮನಿಯಲ್ಲಿ ಮಾಡಿಸಿದ ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್) ಪರೀಕ್ಷೆಯಲ್ಲಿ. ಕಂಪನಿಗಳು ಈ ಫಲಿತಾಂಶವನ್ನು ಅಲ್ಲಗಳೆದವು, ಆ ಪರೀಕ್ಷೆಯ ವಿಶ್ವಾಸಾರ್ಹತೆಯನ್ನೂ ಪ್ರಶ್ನಿಸಿದವು. ಇದು ನಮ್ಮ ದೇಶದ ತೊಂದರೆ ಮಾತ್ರವಲ್ಲ. 2023ರಲ್ಲಿ ಯುರೋಪಿಯನ್ ಒಕ್ಕೂಟ ಪ್ರಕಟಿಸಿದ ವರದಿಯಲ್ಲಿ ಹೊರದೇಶಗಳಿಂದ ತರಿಸಿದ 320 ಮಾದರಿಗಳ ಪೈಕಿ 147 ಅನುಮಾನಾಸ್ಪದವೆಂದು ಕಂಡುಬಂದವು. ಪ್ರಯೋಗಾಲಯ ಬೇಕು, ಇನ್ನೂ ಬಲವಾಗಬೇಕು. ಆದರೆ ಅದು ಮೋಸದ ಹಿಂದೆ ಓಡುತ್ತಲೇ ಇರುತ್ತದೆ, ಗ್ರಾಹಕನ ಬದಲಿಗೆ ಅದು ಎಲ್ಲವನ್ನೂ ನೋಡಿಕೊಳ್ಳಲಾರದು.

ಈ ಓಟಕ್ಕೆ ಮೇವು ಹಾಕುತ್ತಿರುವುದು ಬೆಲೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಜೇನುತುಪ್ಪದ ರಫ್ತಿಗೆ ಟನ್ನಿಗೆ 2000 ಡಾಲರ್ ಎಂಬ ಕನಿಷ್ಠ ಬೆಲೆ ಗೊತ್ತುಮಾಡಬೇಕಾಯಿತು. ಅಂದರೆ ಕಿಲೋಗೆ ಎರಡು ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 165 ರೂಪಾಯಿ. ಇಷ್ಟಕ್ಕಿಂತ ಕೆಳಗೆ ಇಳಿಯಬಾರದೆಂದು ಕಟ್ಟೆ ಕಟ್ಟಬೇಕಾಯಿತು ಎಂಬುದರಲ್ಲೇ ಜೇನು ಕೃಷಿಕರ ಪಾಡು ಕಾಣುತ್ತದೆ. ಬೆಲೆ ಕುಸಿದಾಗ ಕೃಷಿಕನಿಗೆ ಉಳಿಯುವ ದಾರಿ ಒಂದೇ, ಹೆಚ್ಚು ತೆಗೆಯುವುದು, ಬೇಗ ತೆಗೆಯುವುದು. ಮೇಣದ ಮುಚ್ಚಳ ಬೀಳುವವರೆಗೆ ಕಾದರೆ ಎರಿಗಳನ್ನು ಋತುವಿಗೆ ಕೆಲವೇ ಸಲ ಹಿಂಡಲು ಸಾಧ್ಯ. ಕಾಯದೆ ವಾರಕ್ಕೊಮ್ಮೆ ತಿರುಗಿಸಿ ತೆಗೆದರೆ ನೀರು ನೀರಾದ ತುಪ್ಪ ರಾಶಿ ಸಿಗುತ್ತದೆ, ಅದನ್ನು ಕಾರ್ಖಾನೆ ಬಿಸಿ ಮಾಡಿ ಗಟ್ಟಿಗೊಳಿಸಿಕೊಳ್ಳುತ್ತದೆ. ಹುಳಗಳು ಮಾಡಬೇಕಾದ ಹದದ ಕೆಲಸವನ್ನು ಬಾಯ್ಲರ್ ಮಾಡುತ್ತದೆ. ಕೊಳ್ಳುವವರಿಗೆ ಈ ಎರಡರ ವ್ಯತ್ಯಾಸ ಕಾಣದಿದ್ದರೆ, ಕಾದವನಿಗೆ ಕಾಯ್ದದ್ದಕ್ಕೆ ಒಂದು ರೂಪಾಯಿಯೂ ಹೆಚ್ಚು ಸಿಗುವುದಿಲ್ಲ.

ಯಾವ ಹುಳ ಎಂಬ ಪ್ರಶ್ನೆಯೂ ಇಲ್ಲೇ ಹುಟ್ಟುತ್ತದೆ. ನಮ್ಮ ತುಡುವೆಯನ್ನು ಚಲಿಸುವ ಎರಿಗಳ ಪೆಟ್ಟಿಗೆಯಲ್ಲಿ ಸಾಕುವ ವಿಧಾನ ದಕ್ಷಿಣದಲ್ಲಿ ನೆಲೆಯೂರಿದ್ದು 1911ರಿಂದ 1917ರ ನಡುವೆ ತಿರುಚಿರಾಪಳ್ಳಿಯಲ್ಲಿ ಪಾದ್ರಿ ನ್ಯೂಟನ್ ರೂಪಿಸಿದ ಸಣ್ಣ ಪೆಟ್ಟಿಗೆಯಿಂದ. ಒಂದು ತುಡುವೆ ಕುಟುಂಬದಿಂದ ವರ್ಷಕ್ಕೆ ಸಾಮಾನ್ಯವಾಗಿ ಐದರಿಂದ ಹತ್ತು ಕಿಲೋ ತುಪ್ಪ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ದಕ್ಷಿಣ ಭಾರತಕ್ಕೆ ಹಬ್ಬಿ ಮರಿಹುಳಗಳನ್ನು ಚೀಲದಂತೆ ನೀರುಗಟ್ಟಿಸಿ ಕೊಂದಿತು. ಸಾಕಿದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಅಳಿದುಹೋದವು, ತಲೆಮಾರುಗಳಿಂದ ಜೇನು ಸಾಕಿದ ಮನೆಗಳು ಖಾಲಿ ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದವು. ಇತ್ತ 1960ರ ದಶಕದಲ್ಲಿ ಉತ್ತರದ ನಗ್ರೋಟಾ ಬಗ್ವಾನಿನಲ್ಲಿ ನೆಲೆಗೊಳಿಸಿದ ಯುರೋಪಿನ ಮೆಲ್ಲಿಫೆರಾ ಹುಳ ತುಡುವೆಯ ಹಲವು ಪಟ್ಟು ತುಪ್ಪ ಕೊಡುತ್ತದೆ. ಮೆಲ್ಲಿಫೆರಾ ಸಾಕುವುದು ಅಪರಾಧವಲ್ಲ, ಸೂರ್ಯಕಾಂತಿ ಹೊಲಗಳಿಗೆ ಅದರ ಪೆಟ್ಟಿಗೆಗಳು ಬಂದರೆ ಕಾಳು ತುಂಬುತ್ತದೆ. ಆದರೆ ಅದು ವರೋವಾ ನುಸಿಗೆ ಬೇಗ ಬಲಿಯಾಗುತ್ತದೆ, ಮದ್ದು ಬೇಡುತ್ತದೆ, ಹೂವಿನ ಹಿಂದೆ ಲಾರಿಯಲ್ಲಿ ಊರೂರು ಸುತ್ತಬೇಕಾಗುತ್ತದೆ. ತುಡುವೆ ಅದೇ ನುಸಿಯೊಂದಿಗೆ ಬಹುಕಾಲದಿಂದ ಬಾಳಿದ ಹುಳ. ಒಂದು ಇನ್ನೊಂದರ ಮೈ ಕೆದಕಿ ನುಸಿಯನ್ನು ಕಿತ್ತೆಸೆಯುತ್ತದೆ. ಎರಡೂ ತುಪ್ಪಗಳು ಒಂದೇ ಬೆಲೆಗೆ, ಒಂದೇ ಹೊಂಬಣ್ಣದಲ್ಲಿ ಬಿಕರಿಯಾಗುವ ಮಾರುಕಟ್ಟೆಯಲ್ಲಿ ತುಡುವೆ ಸಾಕುವವನು ಉಳಿಯುವುದು ಹಟದಿಂದಷ್ಟೇ.

ಕಾರ್ಖಾನೆಯ ಮೇಲೆ ನಂಬಿಕೆ ಕಳೆದುಕೊಂಡ ಗ್ರಾಹಕರು ಇತ್ತೀಚೆಗೆ ಕಾಡುಜೇನಿನತ್ತ ತಿರುಗಿದ್ದಾರೆ. ಕಾಡಿನದ್ದು ಎಂದರೆ ಶುದ್ಧ ಎಂಬ ಭಾವನೆ ಆಳವಾದದ್ದು. ಇಲ್ಲೂ ಗೂಡನ್ನು ಹತ್ತಿರದಿಂದ ನೋಡದೆ ನಿರ್ಧರಿಸಲಾಗದು. ಹೆಜ್ಜೇನು ಕಟ್ಟುವುದು ಒಂದೇ ಒಂದು ದೊಡ್ಡ ಎರಿಯನ್ನು, ಬಯಲಿನಲ್ಲಿ, ಎತ್ತರದ ಕೊಂಬೆಗೋ ಬಂಡೆಗೋ. ಮೀಟರಿನಗಲ ತೂಗಬಲ್ಲ ಆ ಎರಿಯ ಮೇಲ್ತುದಿಯಲ್ಲಿ, ಕೊಂಬೆಗೆ ಅಂಟಿದ ಒಂದು ಮೂಲೆಯಲ್ಲಿ ತುಪ್ಪ ದಪ್ಪಗಿರುತ್ತದೆ. ಕೆಳಗೆ ಪರಾಗ, ಅದರ ಕೆಳಗೆ ಉಳಿದ ಅಷ್ಟೂ ಹರವಿನಲ್ಲಿ ಮೊಟ್ಟೆ ಮರಿಗಳು. ತುಪ್ಪದ ಮೂಲೆಯನ್ನಷ್ಟೇ ಕೊಯ್ದರೆ ಮರಿಗಳು ಉಳಿಯುತ್ತವೆ. ಇಡೀ ಎರಿಯನ್ನು ಕಡಿದು ಬಟ್ಟೆಯಲ್ಲಿ ಹಿಂಡಿದರೆ ತುಪ್ಪದ ಜೊತೆ ಮರಿಗಳ ರಸವೂ ಬರುತ್ತದೆ, ಒಂದು ಪೀಳಿಗೆ ಮುಗಿಯುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ, ನಾಗರಹೊಳೆ ಸುತ್ತಿನ ಜೇನುಕುರುಬರಿಗೆ ಯಾವ ಮರದಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಎಂಬುದು ಬದುಕಿನ ಲೆಕ್ಕ. ನೇರಳೆ ಹೂವಿನ ತುಪ್ಪ ಏಕೆ ಕಪ್ಪಗೆ, ತುಸು ಕಹಿಯಾಗಿರುತ್ತದೆ ಎಂಬುದೂ ಅವರಿಗೆ ಗೊತ್ತು. ರಸ್ತೆ ಬದಿಯಲ್ಲಿ ಬಕೆಟ್ಟಿನೊಳಗೆ ಎರಿಯ ತುಂಡನ್ನು ತೇಲಿಬಿಟ್ಟು ಮಾರುವವರ ತುಪ್ಪದಲ್ಲಿ ಈ ಲೆಕ್ಕ ಇದೆಯೋ ಇಲ್ಲವೋ ಹೇಳಲಾಗದು. ತೇಲುವ ಎರಿಯನ್ನು ಕಂಡು ಇದು ಅಪ್ಪಟವೆಂದು ನಂಬುವುದು ಹರಳನ್ನು ಕಂಡು ಕಲಬೆರಕೆ ಎನ್ನುವುದರ ಇನ್ನೊಂದು ಮುಖ.

ಜೇನುತುಪ್ಪ ಕೊಳ್ಳುವುದೇ ಜೇನುಗಳನ್ನು ಉಳಿಸುವ ದಾರಿ ಎಂದು ಹಲವರು ಹೇಳುತ್ತಾರೆ. ತುಪ್ಪವನ್ನೇ ತಿನ್ನಬಾರದು, ಅದು ಹುಳದ ಆಹಾರ ಎಂದು ಕೆಲವರು. ಇಬ್ಬರ ಮಾತಿನಲ್ಲೂ ಸತ್ಯದ ಪಾಲಿದೆ, ಎರಡನ್ನೂ ಪೂರ್ತಿ ಒಪ್ಪಲಾಗದು. ಭಾರತದಲ್ಲಿ 700ಕ್ಕೂ ಹೆಚ್ಚು ಬಗೆಯ ಜೇನುಜಾತಿಯ ಹುಳಗಳಿವೆ, ತುಪ್ಪ ಕೊಡುವವು ಬೆರಳೆಣಿಕೆಯಷ್ಟು. ಪೆಟ್ಟಿಗೆಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಉಳಿದವು ಉಳಿಯುವುದಿಲ್ಲ. ಸ್ಪೇನಿನ ಟೆನೆರಿಫೆ ದ್ವೀಪದ ಟೈಡೆ ರಾಷ್ಟ್ರೀಯ ಉದ್ಯಾನಕ್ಕೆ ಹೂವಿನ ಕಾಲದಲ್ಲಿ ಸಾವಿರಾರು ಮೆಲ್ಲಿಫೆರಾ ಪೆಟ್ಟಿಗೆಗಳನ್ನು ತಂದಿಡುತ್ತಾರೆ. ಅವು ಬಂದಾಗ ಅಲ್ಲಿನ ಸ್ಥಳೀಯ ಹುಳಗಳು ಹೂವಿಗೆ ಬರುವುದು ಕಡಿಮೆಯಾಯಿತೆಂದೂ, ಪೆಟ್ಟಿಗೆ ಜೇನು ಅತಿಯಾಗಿ ಮುತ್ತಿದ ಗಿಡಗಳಲ್ಲಿ ಬೀಜವೇ ಇಳಿಯಿತೆಂದೂ 2019ರ ಅಧ್ಯಯನವೊಂದು ತೋರಿಸಿತು. ಇತ್ತ ನಮ್ಮ ಕೊಡಗನ್ನು ನೋಡಿ. ರೋಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಇನ್ನೊಂದು ಗಿಡದ ಪರಾಗ ಬೇಕು. ಗಾಳಿಯೂ ನೆರವಾಗುತ್ತದೆ. ಆದರೆ ಪೊನ್ನಂಪೇಟೆ ಅರಣ್ಯ ಕಾಲೇಜಿನವರೂ ಸೇರಿ ಅಲ್ಲಿನ ತೋಟಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಮುಖ್ಯ ಪರಾಗವಾಹಕವಾಗಿ ಕಂಡದ್ದು ಯಾರೂ ಸಾಕದ ಹೆಜ್ಜೇನು. ಮಾರ್ಚ್ ಏಪ್ರಿಲಿನ ಹೂಮಳೆ ಬಿದ್ದು ಎರಡು ಮೂರು ದಿನ ಬೆಟ್ಟವೆಲ್ಲ ಬೆಳ್ಳಗಾದಾಗ ಬರುವ ಆ ಹುಳಕ್ಕೆ ಬೇಕಾದದ್ದು ಪೆಟ್ಟಿಗೆಯಲ್ಲ, ತೋಟದ ನಡುವೆ ಉಳಿಸಿದ ದೊಡ್ಡ ಮರಗಳು ಮತ್ತು ಆಚೆಯ ಕಾಡು. ಹಾಗಾಗಿ ತುಪ್ಪದ ಬೆಲೆಯಲ್ಲಿ ನಾವು ಕೊಳ್ಳುತ್ತಿರುವುದು ಏನನ್ನು ಎಂಬುದು ಆ ತುಪ್ಪ ಎಲ್ಲಿಂದ ಬಂತೆಂಬುದರ ಮೇಲೆ ನಿಂತಿದೆ. ಅಡಿಕೆ ತೋಟದ ಬದುವಿನ ನಾಲ್ಕು ತುಡುವೆ ಪೆಟ್ಟಿಗೆ ಸುತ್ತಣ ಮರಗಿಡಗಳನ್ನು ಉಳಿಸಿಕೊಳ್ಳಲು ಒಂದು ಕಾರಣವಾಗುತ್ತದೆ. ಅದೇ ಬೆಲೆ ಕೊಟ್ಟು ಕೊಂಡ ಊರಿಲ್ಲದ ತುಪ್ಪ ಯಾವ ಮರವನ್ನೂ ಕಾಯುವುದಿಲ್ಲ.

ಇಷ್ಟೆಲ್ಲ ನೋಡಿ ಕೊಳ್ಳುವುದು ಉಳ್ಳವರ ಮಾತಾಯಿತಲ್ಲ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು. ತುಡುವೆ ತುಪ್ಪ ದುಬಾರಿ, ಅದನ್ನು ಅಗ್ಗ ಮಾಡಲು ದಾರಿಯಿಲ್ಲ. ಆದರೆ ನಮ್ಮ ಅಡುಗೆಯಲ್ಲಿ ಜೇನುತುಪ್ಪ ಎಂದೂ ಸಕ್ಕರೆಯ ಜಾಗದಲ್ಲಿ ಇರಲಿಲ್ಲ. ಪಂಚಾಮೃತಕ್ಕೆ ಒಂದು ಚಮಚ, ಮಗುವಿನ ಕೆಮ್ಮಿಗೆ ಕಾಳುಮೆಣಸಿನ ಪುಡಿಯೊಡನೆ ನಾಲ್ಕು ಹನಿ, ಹಲಸಿನ ತೊಳೆಗೆ ಅದ್ದಿಕೊಳ್ಳಲು ತುಸು. ಕಾಲು ಕಿಲೋ ಸೀಸೆ ಒಂದು ಮನೆಗೆ ತಿಂಗಳುಗಟ್ಟಲೆ ಬರುತ್ತಿತ್ತು. ದಿನವೂ ಬಿಸಿನೀರಿಗೆ ಸುರಿದು ಕುಡಿಯುವ ಹೊಸ ರೂಢಿಯೇ ಅಗ್ಗದ ತುಪ್ಪವನ್ನು ಬೇಡುತ್ತಿರುವುದು. ಕಡಿಮೆ ಕೊಂಡು, ಗೊತ್ತಿದ್ದವರಿಂದ ಕೊಂಡರೆ ವರ್ಷದ ಖರ್ಚು ಹೆಚ್ಚಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆಗಳೂ ಕಷ್ಟದವಲ್ಲ: ಯಾವ ಜೇನು, ಯಾವ ಊರು, ಯಾವ ತಿಂಗಳು ತೆಗೆದದ್ದು, ಮುಚ್ಚಳ ಬಿದ್ದಿತ್ತೇ, ಕಾಯಿಸಿದ್ದೀರಾ. ಸಾಕುವವನಾದರೆ ಈ ಪ್ರಶ್ನೆಗಳಿಗೆ ಮುಖ ಅರಳುತ್ತದೆ, ಅರ್ಧ ಗಂಟೆ ಮಾತು ನಿಲ್ಲುವುದಿಲ್ಲ.

ಅಂಥ ಮಾತಿನ ನಡುವೆ ಆತ ಒಂದು ವಿಷಯ ಹೇಳಿದರೆ ಗ್ರಾಹಕ ಬೆಚ್ಚಿಬೀಳುವುದುಂಟು: ಮಳೆಗಾಲದಲ್ಲಿ ಹುಳಗಳಿಗೆ ಸಕ್ಕರೆ ನೀರು ಕೊಡುತ್ತೇವೆ. ಕಲಬೆರಕೆಯ ತಪ್ಪೊಪ್ಪಿಗೆಯಂತೆ ಕೇಳಿಸುವ ಈ ಮಾತನ್ನು ಹೇಳಿದವನನ್ನೇ ಹೆಚ್ಚು ನಂಬಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನಲ್ಲಿ ಹುಳ ಹೊರಗೆ ಹಾರಲಾಗದ ದಿನಗಳೇ ಹೆಚ್ಚು, ಹಾರಿದರೂ ಹೂವಿಲ್ಲ. ರಾಣಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತದೆ, ಕುಟುಂಬ ಕುಗ್ಗುತ್ತದೆ. ಉಣ್ಣಲು ಏನೂ ಉಳಿಯದಿದ್ದರೆ ಒಂದು ದಿನ ಇಡೀ ಕುಟುಂಬವೇ ಪೆಟ್ಟಿಗೆ ಬಿಟ್ಟು ಎದ್ದುಹೋಗುತ್ತದೆ. ಹೂವಿನ ಕಾಲದಲ್ಲಿ ತುಪ್ಪ ಹೆಚ್ಚಲೆಂದು ಪಾಕ ಕುಡಿಸುವುದು ಮೋಸ, ಬರಗಾಲದಲ್ಲಿ ಬದುಕಲೆಂದು ಕೊಡುವುದು ಪಾಲನೆ. ಇನ್ನೂ ಒಳ್ಳೆಯ ದಾರಿಯೂ ಇದೆ: ಬೇಸಿಗೆಯ ಕೊನೆಯ ತುಪ್ಪವನ್ನು ತೆಗೆಯದೆ ಬಿಡುವುದು. ಹಾಗೆ ಬಿಡಬೇಕಾದರೆ ತೆಗೆದ ತುಪ್ಪಕ್ಕೆ ಬಿಟ್ಟ ತುಪ್ಪದ ಬೆಲೆಯೂ ಸೇರಿ ಬರಬೇಕು. ಆಷಾಢದ ಮಳೆಯಲ್ಲಿ, ತೋಟದ ಮೂಲೆಯ ಪೆಟ್ಟಿಗೆಯ ಮುಚ್ಚಳ ಎತ್ತಿದಾಗ ಅಂಚಿನ ಎರಿಗಳಲ್ಲಿ ಮೇಣ ಮುಚ್ಚಿದ ತುಪ್ಪ ಅಂಗೈ ಅಗಲದಷ್ಟು ಇದೆಯೋ, ಅಥವಾ ಕಣಗಳು ಒಣಗಿ ಬಾಯಿ ತೆರೆದಿವೆಯೋ ಎಂಬುದು ಮಾರ್ಚ್ ತಿಂಗಳಲ್ಲಿ, ದೂರದ ಯಾವುದೋ ಅಂಗಡಿಯಲ್ಲಿ, ಎರಡು ಬಾಟಲಿಗಳ ನಡುವೆ ಆಗಲೇ ತೀರ್ಮಾನವಾಗಿರುತ್ತದೆ.